ಅಂಕಣದಿಂದ ಚದರಕ್ಕೆ: ಬೆಂಗಳೂರು ಪೇಟೆಯ ಸಾಲುಮನೆಗಳ ವಿನ್ಯಾಸ ಮತ್ತು ವಿಸ್ತರಣೆ

ಪ್ರಸ್ತಾವನೆ

ಕರ್ನಾಟಕದ ವಾಸ್ತುಶಿಲ್ಪದ ಅಧ್ಯಯನವು ಬಹುಮಟ್ಟಿಗೆ ದೇವಾಲಯ, ಕೋಟೆ ಮತ್ತು ಅರಮನೆಗಳ ಅಧ್ಯಯನವಾಗಿ ಬೆಳೆದು ಬಂದಿದೆ. ಕಲ್ಲಿನ ಕಟ್ಟಡಗಳು ಉಳಿದವು. ಶಾಸನಗಳು ಅವುಗಳನ್ನು ಕಟ್ಟಿಸಿದವರ ಹೆಸರನ್ನು ಉಳಿಸಿದವು. ಮಣ್ಣು ಮತ್ತು ಮರದಿಂದ ಕಟ್ಟಿದ, ಹೆಸರಿಲ್ಲದ ಗೃಹಸ್ಥರ ಮನೆಗಳಿಗೆ ಈ ಎರಡು ಆಧಾರಗಳೂ ದೊರೆಯಲಿಲ್ಲ. ವಾಸದ ಮನೆಯನ್ನು ಕುರಿತ ಬರಹಗಳಲ್ಲಿಯೂ ಮಲೆನಾಡಿನ ದೊಡ್ಡ ತೊಟ್ಟಿಮನೆ, ಕರಾವಳಿಯ ಗುತ್ತಿನ ಮನೆ, ಉತ್ತರ ಕರ್ನಾಟಕದ ವಾಡೆ ಇವುಗಳಿಗೆ ದೊರೆತ ಗಮನ ಪಟ್ಟಣದ ಬೀದಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತ ಸಣ್ಣ ಮನೆಗಳಿಗೆ ದೊರೆತಿಲ್ಲ. ಆದರೆ ನೇಕಾರರು, ಗಾಣಿಗರು, ಕುಂಬಾರರು, ಕಿರುವ್ಯಾಪಾರಿಗಳು, ಪುರೋಹಿತರು, ಗುಮಾಸ್ತರು ಹೀಗೆ ಪಟ್ಟಣವಾಸಿಗಳ ಬಹುಭಾಗ ಬದುಕಿದ್ದು ಇಂತಹ ಮನೆಗಳಲ್ಲಿಯೇ.

ಬೆಂಗಳೂರಿನ ಹಳೆಯ ಪೇಟೆಯ ಸಾಲುಮನೆಗಳು ಯಾವ ಅಳತೆಯ ಕ್ರಮದಿಂದ ರೂಪುಗೊಂಡವು, ಕುಟುಂಬ ಬೆಳೆದಂತೆ ಅಥವಾ ಒಡೆದಂತೆ ಅವುಗಳನ್ನು ಹೇಗೆ ವಿಸ್ತರಿಸಲಾಯಿತು, ಆ ವಿಸ್ತರಣೆಯ ಪರಿಣಾಮವೇನು ಎಂಬುದನ್ನು ಪ್ರಸ್ತುತ ಲೇಖನವು ವಿವರಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಪೇಟೆಯ ಮನೆಗಳು ಕತ್ತಲೆಯ, ಗಾಳಿಯಿಲ್ಲದ, ರೋಗಕಾರಕ ಮನೆಗಳೆಂಬ ಅಭಿಪ್ರಾಯ ನೆಲೆಗೊಂಡಿತು. ಆ ದೋಷವು ಮನೆಯ ಮೂಲ ವಿನ್ಯಾಸದಲ್ಲಿತ್ತೇ ಅಥವಾ ವಿಸ್ತರಣೆಯ ಕ್ರಮದಲ್ಲಿತ್ತೇ ಎಂಬ ಪ್ರಶ್ನೆಗೆ ಉತ್ತರ ದೊರೆಯದ ಹೊರತು ಉಳಿದಿರುವ ಕೆಲವೇ ಮನೆಗಳ ಬಗ್ಗೆ ಯೋಗ್ಯ ನಿರ್ಣಯ ಸಾಧ್ಯವಿಲ್ಲ.

ಪೇಟೆಯ ರಚನೆ ಮತ್ತು ನಿವೇಶನದ ಆಕಾರ

ಪರಂಪರೆಯ ಪ್ರಕಾರ 1537ರಲ್ಲಿ ಒಂದನೆಯ ಕೆಂಪೇಗೌಡನು ಬೆಂಗಳೂರಿನ ಪೇಟೆಗೆ ಅಡಿಪಾಯ ಹಾಕಿದನು. ಉತ್ತರ–ದಕ್ಷಿಣವಾಗಿ ದೊಡ್ಡಪೇಟೆ, ಪೂರ್ವ–ಪಶ್ಚಿಮವಾಗಿ ಚಿಕ್ಕಪೇಟೆ ಎಂಬ ಎರಡು ಬೀದಿಗಳು ಒಂದನ್ನೊಂದು ಕತ್ತರಿಸುವಂತೆ ಪೇಟೆಯ ವಿನ್ಯಾಸವಿದೆ. ದೊಡ್ಡಪೇಟೆಯೇ ಈಗಿನ ಅವೆನ್ಯೂ ರಸ್ತೆ. ಈ ಬೀದಿಗಳ ಆಚೀಚೆ ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ರಾಗಿಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ನಗರ್ತಪೇಟೆ ಮೊದಲಾದ ಕೇರಿಗಳು ಬೆಳೆದವು. ಸರಕು ಅಥವಾ ಸಮುದಾಯದ ಹೆಸರು ಹೊತ್ತ ಈ ಕೇರಿಗಳಲ್ಲಿ ವಾಸ ಮತ್ತು ಕಸುಬು ಒಂದೇ ಸೂರಿನಡಿ ನಡೆಯುತ್ತಿದ್ದವು.

ಕೋಟೆಗೋಡೆ ಮತ್ತು ಕಂದಕದಿಂದ ಸುತ್ತುವರಿದ ಪೇಟೆಯಲ್ಲಿ ನೆಲಕ್ಕಿಂತಲೂ ಬೀದಿಯ ಮುಖಕ್ಕೆ ಬೆಲೆ ಹೆಚ್ಚು. ಬೀದಿಗೆ ತೆರೆದ ಪ್ರತಿ ಮೊಳವೂ ವ್ಯಾಪಾರಕ್ಕೆ ಒದಗುತ್ತದೆ. ಹಿಂಭಾಗದ ನೆಲ ಸಂಗ್ರಹಕ್ಕೆ, ಅಡಿಗೆಗೆ, ದನಕರುಗಳಿಗೆ ಸಾಕಾಗುತ್ತದೆ. ಹೀಗಾಗಿ ನಿವೇಶನಗಳು ಮುಂಭಾಗದಲ್ಲಿ ಕಿರಿದಾಗಿಯೂ ಒಳಕ್ಕೆ ನೀಳವಾಗಿಯೂ ರೂಪುಗೊಂಡವು. ಇದೇ ಆಕಾರವು ಅಗ್ರಹಾರಗಳಲ್ಲಿಯೂ ಕಂಡುಬರುತ್ತದೆಯಾದರೂ ಅಲ್ಲಿ ಕಾರಣ ಬೇರೆ. ಅಗ್ರಹಾರದ ಭೂಮಿಯನ್ನು ವೃತ್ತಿಗಳಾಗಿ ಹಂಚಿ, ವೃತ್ತಿವಂತರಿಗೆ ದೇವಾಲಯಕ್ಕೆ ಸಮೀಪದ ಬೀದಿಗಳಲ್ಲಿ ಮನೆಯ ನಿವೇಶನಗಳನ್ನು ಕೊಡಲಾಗುತ್ತಿತ್ತು. ಪಾಲು ಸಮವಾದಾಗ ಮುಖದ ಅಗಲವೂ ಸಮವಾಗುವುದು ಸಹಜ. ಅಗ್ರಹಾರದ ಸಾಲಿನಲ್ಲಿ ಏಕರೂಪತೆಯೂ ಪೇಟೆಯ ಸಾಲಿನಲ್ಲಿ ವೈವಿಧ್ಯವೂ ಎದ್ದು ಕಾಣುವುದಕ್ಕೆ ಈ ಹಂಚಿಕೆಯ ಭೇದವೇ ಮೂಲ.

ಅಂಕಣ: ವಿನ್ಯಾಸದ ಘಟಕ

ಹಳೆಯ ಮನೆಯ ಗಾತ್ರವನ್ನು ಹೇಳಲು ಕನ್ನಡದಲ್ಲಿ ಬಳಕೆಯಲ್ಲಿದ್ದ ಮಾತು ‘ಅಂಕಣ’. ಮೂರಂಕಣದ ಮನೆ, ಐದಂಕಣದ ಮನೆ, ಒಂಬತ್ತಂಕಣದ ಮನೆ ಎಂದರೆ ಕೇಳಿದವರಿಗೆ ಮನೆಯ ಅಳತೆ, ಅದಕ್ಕೆ ಬೇಕಾದ ಮರ, ಮನೆಯವರ ಸ್ಥಿತಿಗತಿ ಎಲ್ಲವೂ ಅಂದಾಜಾಗುತ್ತಿತ್ತು. ಎರಡು ತೊಲೆಗಳ ಅಥವಾ ಎರಡು ಕಂಬಗಳ ನಡುವಣ ತೆರಪೇ ಅಂಕಣ. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟಿನಲ್ಲಿಯೂ ಪದಕ್ಕೆ ಇದೇ ಅರ್ಥವಿದೆ. ನೆರೆಯ ತೆಲುಗು ನಾಡಿನಲ್ಲಿ ಇದೇ ಪದವು ನಿವೇಶನದ ವಿಸ್ತೀರ್ಣದ ಅಳತೆಯಾಗಿ ಉಳಿದಿದ್ದು, ನೆಲ್ಲೂರು ಕಡೆ ಒಂದು ಅಂಕಣವೆಂದರೆ 36 ಚದರ ಅಡಿ. ಕನ್ನಡದಲ್ಲಾದರೋ ಅಂಕಣವು ವಿಸ್ತೀರ್ಣವನ್ನಲ್ಲ, ರಚನೆಯನ್ನು ಸೂಚಿಸುವ ಪದವಾಗಿಯೇ ಉಳಿಯಿತು. ಅದು ಎಷ್ಟು ಅಡಿ ಎಂಬುದು ಮನೆಯಿಂದ ಮನೆಗೆ ಬದಲಾಗುತ್ತದೆ. ಅದು ಏನು ಎಂಬುದು ಬದಲಾಗುವುದಿಲ್ಲ.

ಸಾಲುಮನೆಯ ರಚನೆಯಲ್ಲಿ ಅಂಕಣ ಕೆಲಸ ಮಾಡುವ ಬಗೆ ಹೀಗಿದೆ. ಎರಡು ಪಕ್ಕದ ಗೋಡೆಗಳ ಮೇಲೆ, ಬೀದಿಗೆ ಸಮಾನಾಂತರವಾಗಿ ತೊಲೆಗಳನ್ನು ಇರಿಸಲಾಗುತ್ತದೆ. ಒಂದು ತೊಲೆಯಿಂದ ಇನ್ನೊಂದು ತೊಲೆಗೆ, ಅಂದರೆ ಮನೆಯ ಉದ್ದಕ್ಕೆ, ಜಂತೆಗಳನ್ನು ಜೋಡಿಸಲಾಗುತ್ತದೆ. ಜಂತೆಗಳ ಮೇಲೆ ಹಲಗೆ ಅಥವಾ ಸೀಳಿದ ಬಿದಿರು, ಅದರ ಮೇಲೆ ಸೊಪ್ಪು, ಅದರ ಮೇಲೆ ನಾದಿದ ಮಣ್ಣು. ಇದು ಬಯಲುಸೀಮೆಯ ಮಾಳಿಗೆ. ಈ ವ್ಯವಸ್ಥೆಯಲ್ಲಿ ಮನೆಯ ಅಗಲವನ್ನು ನಿರ್ಧರಿಸುವುದು ತೊಲೆಯ ಉದ್ದ. ಒಂದೇ ಮರದಿಂದ ಬಾಗದಂತೆ ನಿಲ್ಲುವ ತೊಲೆ ಎಷ್ಟು ಅಡಿಗೆ ದೊರೆಯುತ್ತದೆಯೋ ಅಷ್ಟೇ ಕಂಬವಿಲ್ಲದ ಮನೆಯ ಅಗಲ. ಅದಕ್ಕಿಂತ ಅಗಲವಾಗಬೇಕಾದರೆ ನಡುವೆ ಕಂಬ ನೆಟ್ಟು, ಕಂಬದ ಮೇಲೆ ಬೋದಿಗೆ ಇರಿಸಿ, ಎರಡು ತೊಲೆಗಳನ್ನು ಅಲ್ಲಿ ಕೂಡಿಸಬೇಕು.

ಮನೆಯ ಉದ್ದಕ್ಕೆ ಇಂತಹ ಮಿತಿಯಿಲ್ಲ. ಇನ್ನೊಂದು ತೊಲೆ ಹಾಕಿ ಜಂತೆ ಹೊದಿಸಿದರೆ ಇನ್ನೊಂದು ಅಂಕಣ ಸಿದ್ಧವಾಗುತ್ತದೆ. ಅಗಲವನ್ನು ಮರ ನಿರ್ಧರಿಸುತ್ತದೆ, ಉದ್ದವನ್ನು ಮನೆಯ ಯಜಮಾನನ ಅನುಕೂಲ ನಿರ್ಧರಿಸುತ್ತದೆ. ಸಾಲುಮನೆಯ ವಿನ್ಯಾಸ ಮತ್ತು ವಿಸ್ತರಣೆ ಎರಡನ್ನೂ ಅರಿಯಲು ಇದೇ ಕೀಲಿಕೈ. ಹಳೆಯ ಮನೆಯನ್ನು ಕೆಡವದೆ, ನೆರೆಯವನ ಗೋಡೆಯನ್ನು ಅಲುಗಿಸದೆ, ವಾಸವನ್ನು ನಿಲ್ಲಿಸದೆ ಮನೆಯನ್ನು ಹಿತ್ತಿಲಿನ ಕಡೆಗೆ ಬೆಳೆಸುವ ಅವಕಾಶ ಈ ರಚನೆಯಲ್ಲಿಯೇ ಅಡಗಿತ್ತು.

ಮನೆಯ ಒಳಕ್ರಮ

ಅತ್ಯಂತ ಸಣ್ಣ ಸಾಲುಮನೆಯಲ್ಲಿಯೂ ಬೀದಿಯಿಂದ ಹಿತ್ತಿಲಿಗೆ ಸಾಗುವ ಒಂದು ನಿಶ್ಚಿತ ಅನುಕ್ರಮವಿದೆ. ಮೊದಲನೆಯದು ಜಗಲಿ. ಬೀದಿಗಿಂತ ಎತ್ತರದಲ್ಲಿ, ಸೂರಿನ ನೆರಳಿನಲ್ಲಿ ಇರುವ ಈ ಕಟ್ಟೆ ಮನೆಗೂ ಬೀದಿಗೂ ಸೇರಿದ್ದು. ವ್ಯಾಪಾರಿಗೆ ಅದು ಅಂಗಡಿ, ವೃದ್ಧರಿಗೆ ಹಗಲಿನ ತಂಗುದಾಣ, ದಾರಿಹೋಕನಿಗೆ ವಿಶ್ರಾಂತಿಯ ತಾಣ. ತಲೆಬಾಗಿಲನ್ನು ದಾಟಿದರೆ ಪಡಸಾಲೆ. ಬಂದವರನ್ನು ಕೂರಿಸುವ, ಕಸುಬು ನಡೆಸುವ ಸ್ಥಳ. ಅದರ ಹಿಂದೆ ನಡುಮನೆ. ಊಟ, ನಿದ್ರೆ, ಶುಭಾಶುಭ ಕಾರ್ಯಗಳೆಲ್ಲ ಇಲ್ಲಿಯೇ. ಅದರಾಚೆ ಅಡಿಗೆಮನೆ, ಅದರ ಒಂದು ಮೂಲೆಯಲ್ಲಿ ದೇವರಗೂಡು ಅಥವಾ ದೇವರಮನೆ. ಕೊನೆಗೆ ಬಚ್ಚಲು, ಬಾವಿ, ಹಿತ್ತಿಲು.

ಈ ಕ್ರಮವು ಕೇವಲ ಅನುಕೂಲದ್ದಲ್ಲ. ಒಳಗೆ ಹೋದಂತೆಲ್ಲ ಪ್ರವೇಶದ ಹಕ್ಕು ಕಿರಿದಾಗುತ್ತದೆ. ಯಾರು ಜಗಲಿಯವರೆಗೆ, ಯಾರು ಪಡಸಾಲೆಯವರೆಗೆ, ಯಾರು ಅಡಿಗೆಮನೆಯವರೆಗೆ ಬರಬಹುದು ಎಂಬುದನ್ನು ಜಾತಿ, ನೆಂಟಸ್ತಿಕೆ ಮತ್ತು ಮಡಿಮೈಲಿಗೆಯ ಕಟ್ಟಳೆಗಳು ತೀರ್ಮಾನಿಸುತ್ತಿದ್ದವು. ಕಿರಿದಗಲದ ಮನೆಯಲ್ಲಿ ಕೋಣೆಗಳು ಅಕ್ಕಪಕ್ಕ ಇರಲು ಸಾಧ್ಯವಿಲ್ಲದ್ದರಿಂದ ಈ ಸಾಮಾಜಿಕ ಶ್ರೇಣಿಯು ಒಂದರ ಹಿಂದೊಂದು ಇರುವ ಅಂಕಣಗಳ ಶ್ರೇಣಿಯಾಗಿ ಮೂಡಿತು. ಹೆಂಗಸರ ದುಡಿಮೆಯ ಭಾಗಗಳೆಲ್ಲ ಹಿಂಬದಿಯ ಅಂಕಣಗಳಲ್ಲಿಯೇ ಬಿದ್ದವು ಎಂಬುದೂ ಗಮನಾರ್ಹ. ಬೆಳಕು ಕಡಿಮೆಯಾದಾಗ ಅದರ ಭಾರ ಮೊದಲು ಬಿದ್ದದ್ದು ಅವರ ಮೇಲೆ.

ಬೆಳಕಿನ ವಿಷಯದಲ್ಲಿ ಸಾಲುಮನೆಗೆ ಒಂದು ಮೂಲಭೂತ ಕಟ್ಟುಪಾಡಿದೆ. ಪಕ್ಕದ ಎರಡೂ ಗೋಡೆಗಳಾಚೆ ನೆರೆಮನೆಗಳಿರುವುದರಿಂದ ಅಲ್ಲಿ ಕಿಟಕಿಗೆ ಅವಕಾಶವಿಲ್ಲ. ಬೆಳಕು ಬರಬಹುದಾದ್ದು ಮೂರೇ ಕಡೆಯಿಂದ: ಬೀದಿ, ಹಿತ್ತಿಲು ಮತ್ತು ಆಕಾಶ. ಮೂರಂಕಣದ ಮನೆಯಲ್ಲಿ ಮೊದಲಿನದಕ್ಕೆ ಬೀದಿಯಿಂದ, ಕೊನೆಯದಕ್ಕೆ ಹಿತ್ತಿಲಿನಿಂದ ಬೆಳಕು ದೊರೆತು ನಡುವಿನದಕ್ಕೆ ಮಾಳಿಗೆಯ ಬೆಳಕಿಂಡಿ ಸಾಕಾಗುತ್ತದೆ. ಐದಂಕಣವಾದರೆ ನಡುವಿನ ಮೂರು ಅಂಕಣಗಳಿಗೆ ಬೆಳಕಿಂಡಿ ಸಾಲದು. ಆಗ ನಡುವಿನ ಅಂಕಣದ ಮೇಲ್ಛಾವಣಿಯನ್ನು ಪೂರ್ಣವಾಗಿಯೋ ಅರ್ಧವಾಗಿಯೋ ತೆರೆದು ತೊಟ್ಟಿ ಮಾಡಬೇಕಾಗುತ್ತದೆ. ದೊಡ್ಡ ಮನೆಗಳಲ್ಲಿ ತೊಟ್ಟಿ ಸುತ್ತಲಿನ ಪಡಸಾಲೆಗಳಿಂದ ಕೂಡಿದ ವೈಭವದ ಅಂಗಳವಾದರೆ, ಸಣ್ಣ ಸಾಲುಮನೆಯಲ್ಲಿ ಅದು ನಾಲ್ಕಾರು ಅಡಿ ಅಗಲದ, ಅತ್ಯಗತ್ಯವಾದ ಬೆಳಕಿನ ಬಾವಿ.

ಬಿ.ಎಲ್. ರೈಸ್ ಅವರು ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್ ಹತ್ತೊಂಬತ್ತನೆಯ ಶತಮಾನದ ಸಂಸ್ಥಾನದ ಮನೆಗಳನ್ನು ವಿವರಿಸುತ್ತ, ಅವು ಸಾಮಾನ್ಯವಾಗಿ ಮಣ್ಣಿನವು, ಒಂದೇ ಅಂತಸ್ತಿನವು, ತಗ್ಗಾದವು, ಬಾಗಿಲನ್ನು ಬಿಟ್ಟರೆ ಹೊರಗೆ ತೆರೆದುಕೊಳ್ಳುವ ಕಿಂಡಿಗಳು ಇಲ್ಲವೆನ್ನುವಷ್ಟು ಕಡಿಮೆ, ಆದರೆ ಒಳಗೆ ಆಕಾಶಕ್ಕೆ ತೆರೆದ ಅಂಗಳವೂ ಸುತ್ತ ಮೊಗಸಾಲೆಯೂ ಉಂಟು ಎನ್ನುತ್ತದೆ. ಹೊರಗಿನಿಂದ ನೋಡಿದವರಿಗೆ ಕಿಟಕಿಯಿಲ್ಲದ ಗೋಡೆ ಕಾಣುತ್ತದೆ. ಒಳಗೆ ಹೋದವರಿಗೆ ಆಕಾಶ ಕಾಣುತ್ತದೆ. ಈ ಎರಡನ್ನೂ ಒಟ್ಟಿಗೆ ಗಮನಿಸಿದ್ದು ಈ ವಿವರಣೆಯ ಮಹತ್ವ.

ವಿಸ್ತರಣೆಯ ನಾಲ್ಕು ಮಾರ್ಗಗಳು

ಇಂತಹ ಮನೆಯನ್ನು ದೊಡ್ಡದು ಮಾಡಲು ನಾಲ್ಕು ಮಾರ್ಗಗಳಿದ್ದವು. ಇವುಗಳನ್ನು ಕೈಗೊಂಡ ಅನುಕ್ರಮವೂ ವೆಚ್ಚ ಮತ್ತು ನೆರೆಹೊರೆಯ ಒಪ್ಪಿಗೆಗೆ ಅನುಗುಣವಾಗಿತ್ತು.

ಮೊದಲನೆಯದು ಹಿಂದಕ್ಕೆ ಬೆಳೆಯುವುದು. ಇದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ವಿವರಣೆಗಾಗಿ ಗೋಡೆಗಳ ನಡುವೆ 12 ಅಡಿ ಅಗಲವೂ 60 ಅಡಿ ಉದ್ದವೂ ಇರುವ ಒಂದು ನಿವೇಶನವನ್ನು ಕಲ್ಪಿಸಿಕೊಳ್ಳಬಹುದು. 4 ಅಡಿ ಜಗಲಿ, ತಲಾ 8 ಅಡಿಯ ಮೂರು ಅಂಕಣಗಳು ಸೇರಿ 28 ಅಡಿಯಾದರೆ 32 ಅಡಿ ಹಿತ್ತಿಲು ಉಳಿಯುತ್ತದೆ. ಮೂರು ಅಂಕಣಗಳ ಒಳವಿಸ್ತೀರ್ಣ 288 ಚದರ ಅಡಿ. ಎರಡು ಅಂಕಣಗಳನ್ನು ಸೇರಿಸಿದರೆ 480 ಚದರ ಅಡಿ. ಹಿತ್ತಿಲು 16 ಅಡಿಗೆ ಇಳಿಯುತ್ತದೆ. ಅದರಲ್ಲಿ ಒಂದು ಅಂಕಣವನ್ನು ತೊಟ್ಟಿಗೆ ಬಿಟ್ಟರೆ ವಾಸಕ್ಕೆ ದೊರೆಯುವುದು 384 ಚದರ ಅಡಿ. ಅಂದರೆ ಎರಡು ಅಂಕಣ ಕಟ್ಟಿದ ವೆಚ್ಚಕ್ಕೆ ಒಂದು ಅಂಕಣದ ಲಾಭ. ತೊಟ್ಟಿಯನ್ನು ಮುಚ್ಚುವ ಆಸೆ ಹುಟ್ಟುವುದು ಈ ಲೆಕ್ಕದಲ್ಲಿಯೇ.

ಎರಡನೆಯದು ಮೇಲಕ್ಕೆ ಬೆಳೆಯುವುದು. ಇದರ ಮೊದಲ ಹಂತ ಅಟ್ಟ. ತೊಲೆಗಳ ಕೆಳಗೆ ಹಲಗೆ ಹೊದಿಸಿ ಧಾನ್ಯ, ಸೌದೆ, ಪಾತ್ರೆಗಳಿಗೆ ಸ್ಥಳ ಮಾಡಿಕೊಳ್ಳುವುದು. ಏಣಿಯೇ ಅದರ ಮೆಟ್ಟಿಲು. ಅನಂತರದ ಹಂತ ಮಹಡಿ. ಇಲ್ಲಿ ಎರಡು ತೊಡಕುಗಳಿದ್ದವು. ಮಣ್ಣಿನ ಗೋಡೆಯ ಮೇಲೆ ಇನ್ನೊಂದು ಅಂತಸ್ತಿನ ಭಾರ ಹೊರಿಸಲು ಗೋಡೆ ಬುಡದಲ್ಲಿ ದಪ್ಪವಿರಬೇಕು. ಗೋಡೆ ಎರಡು ಮನೆಗಳಿಗೂ ಸೇರಿದ್ದಾದರೆ ನೆರೆಯವನ ಸಮ್ಮತಿಯೂ ಬೇಕು. ಮನೆಯೊಳಗೆ ಸ್ವತಂತ್ರವಾಗಿ ಕಂಬಗಳನ್ನು ನೆಟ್ಟು ಮಹಡಿಯ ಭಾರವನ್ನು ಅವುಗಳ ಮೇಲೆ ಹೊರಿಸುವ ಪರಿಹಾರವೂ ಇತ್ತು. ಮಹಡಿಯನ್ನು ಬೀದಿಯ ಕಡೆಯ ಒಂದೆರಡು ಅಂಕಣಗಳಿಗೆ ಸೀಮಿತಗೊಳಿಸಿದಲ್ಲಿ ಹಿಂಬದಿಯ ಮಾಳಿಗೆಗಳು ತಗ್ಗಾಗಿಯೇ ಉಳಿದು, ತೊಟ್ಟಿಗೆ ಬೀಳುವ ಬಿಸಿಲಿಗೆ ಅಡ್ಡಿ ಕಡಿಮೆಯಾಗುತ್ತಿತ್ತು.

ಮೂರನೆಯದು ಮುಂದಕ್ಕೆ ಬೆಳೆಯುವುದು. ಜಗಲಿಯ ಮೇಲಿನ ಸೂರನ್ನು ಚಾಚಿ, ಕಂಬ ನಿಲ್ಲಿಸಿ, ಹಲಗೆಬಾಗಿಲು ಹಾಕಿ ಅದನ್ನು ಮಳಿಗೆಯಾಗಿ ಪರಿವರ್ತಿಸುವುದು. ಪೇಟೆಯಲ್ಲಿ ವ್ಯಾಪಾರ ಹೆಚ್ಚಿದಂತೆ ಇದು ಸಾಮಾನ್ಯವಾಯಿತು. ಇದರಿಂದ ಪಡಸಾಲೆಗೆ ಬೀದಿಯಿಂದ ಬರುತ್ತಿದ್ದ ಬೆಳಕು ನಿಂತಿತು. ಮನೆಯವರ ಪ್ರವೇಶಕ್ಕೆ ಮಳಿಗೆಯ ಪಕ್ಕದಲ್ಲಿ ಕಿರಿದಾದ ಓಣಿಬಾಗಿಲೊಂದೇ ಉಳಿಯಿತು.

ನಾಲ್ಕನೆಯದು ಪಕ್ಕಕ್ಕೆ ಬೆಳೆಯುವುದು. ಅಂದರೆ ನೆರೆಮನೆಯನ್ನು ಕೊಂಡು ನಡುಗೋಡೆಯಲ್ಲಿ ಬಾಗಿಲು ತೆರೆಯುವುದು. ಹಣವಂತರಿಗೆ ಮಾತ್ರ ಸಾಧ್ಯವಾಗಿದ್ದ ಈ ಮಾರ್ಗದಲ್ಲಿ ನೆಲದ ಮಟ್ಟ ಮತ್ತು ತೊಲೆಗಳ ಎತ್ತರ ಹೊಂದಾಣಿಕೆಯಾಗದೆ ಉಳಿಯುತ್ತವೆ. ಎರಡು ಭಾಗಗಳ ನಡುವೆ ಕಾರಣವಿಲ್ಲದೆ ಒಂದೆರಡು ಮೆಟ್ಟಿಲುಗಳಿದ್ದರೆ, ಎರಡು ಜಗಲಿಗಳ ಎತ್ತರ ಬೇರೆಯಾಗಿದ್ದರೆ ಅದು ಹಿಂದೆ ಎರಡು ಮನೆಯಾಗಿತ್ತೆಂದು ಊಹಿಸಲು ಬಲವಾದ ಆಧಾರವಾಗುತ್ತದೆ.

ಕಸುಬು ಮತ್ತು ಹೊಸ ಸಾಮಗ್ರಿಗಳು

ವಿಸ್ತರಣೆಯ ದಿಕ್ಕನ್ನು ಕಸುಬು ಕೂಡ ನಿರ್ಧರಿಸಿತು. ನೇಕಾರರ ಮನೆ ಇದಕ್ಕೆ ಸ್ಪಷ್ಟ ನಿದರ್ಶನ. ಗುಂಡಿಮಗ್ಗದಲ್ಲಿ ನೇಕಾರನು ನೆಲದ ಮಟ್ಟದಲ್ಲಿ ಕುಳಿತು ಕಾಲನ್ನು ಗುಂಡಿಯೊಳಗೆ ಇಳಿಬಿಡುತ್ತಾನೆ. ಆದ್ದರಿಂದ ತಗ್ಗಾದ ಮಾಳಿಗೆಯಡಿಯಲ್ಲಿಯೂ ಕೆಲಸ ಸಾಗುತ್ತದೆ; ಮಗ್ಗಕ್ಕೆ ಬೇಕಾದದ್ದು ಎತ್ತರವಲ್ಲ, ಹಾಸಿನ ಉದ್ದ. ಒಂದರ ಹಿಂದೊಂದು ಇರುವ ಅಂಕಣಗಳು ಈ ಅಗತ್ಯಕ್ಕೆ ಹೊಂದುತ್ತವೆ. ಮಗ್ಗದ ನೆತ್ತಿಯ ಮೇಲೆ ಕೂರುವ ಜಕಾರ್ಡ್ ಯಂತ್ರ ಬಂದಾಗ ಅಗತ್ಯ ತಿರುಗುಮುರುಗಾಯಿತು. ಈಗ ಬೇಕಾದದ್ದು ಎತ್ತರ. ಮಗ್ಗವಿರುವ ಅಂಕಣದ ಛಾವಣಿಯನ್ನಷ್ಟೇ ಎತ್ತರಿಸಬೇಕು, ಇಲ್ಲವೇ ಅಟ್ಟವನ್ನು ತೆಗೆಯಬೇಕು. ಒಂದೇ ಮನೆಯಲ್ಲಿ ಒಂದು ಅಂಕಣದ ಛಾವಣಿ ಮಾತ್ರ ಎತ್ತರವಾಗಿರುವುದಕ್ಕೆ ಇಂತಹ ಕಾರಣವಿರಬಹುದು.

ಸಾಮಗ್ರಿಗಳ ಬದಲಾವಣೆಯೂ ಅಂಕಣದ ನಿಯಮವನ್ನು ಸಡಿಲಿಸಿತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಹೆಂಚಿನ ಕಾರ್ಖಾನೆಯಿಂದ ಮೊದಲ್ಗೊಂಡು ಮಂಗಳೂರು ಹೆಂಚು ದಕ್ಷಿಣ ಭಾರತದಾದ್ಯಂತ ಹರಡಿತು. ಮಣ್ಣಿನ ಮಾಳಿಗೆಗಿಂತ ಹಗುರವಾದ ಈ ಹೊದಿಕೆಗೆ ತೆಳ್ಳಗಿನ ಮರ ಸಾಕು. ಆದರೆ ಅದಕ್ಕೆ ಇಳಿಜಾರು ಬೇಕು, ಇಳಿಜಾರಿನ ನೀರು ಬೀಳಲು ತೆರೆದ ಜಾಗ ಬೇಕು. ಹೆಂಚಿನ ಮನೆಯಲ್ಲಿ ತೊಟ್ಟಿಯನ್ನು ಮುಚ್ಚುವುದು ಕಷ್ಟ. ಮದ್ರಾಸ್ ತಾರಸಿಯ ವಿಷಯ ಇದಕ್ಕೆ ವಿರುದ್ಧ. ಒತ್ತೊತ್ತಾಗಿ ಇರಿಸಿದ ಮರದ ಜಂತೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಸಾಲಿನಲ್ಲಿ ಸುಣ್ಣದ ಗಾರೆಯಿಂದ ಬೆಸೆದು, ಅದರ ಮೇಲೆ ಇಟ್ಟಿಗೆಚೂರು–ಸುಣ್ಣದ ಹಾಸು ಹಾಕಿ ದಮ್ಮಸ್ಸು ಮಾಡಿದ ಈ ಛಾವಣಿ ಸಮತಟ್ಟಾಗಿದ್ದು, ಅದರ ಮೇಲೆ ನಡೆದಾಡಬಹುದು, ಮಹಡಿಯನ್ನೂ ಕಟ್ಟಬಹುದು. ಕಬ್ಬಿಣದ ತೊಲೆಗಳು ದೊರೆಯತೊಡಗಿದ ಮೇಲೆ ಮರದ ಉದ್ದದ ಮಿತಿಯೂ ಕಳೆಯಿತು. ತೊಟ್ಟಿಯ ಮೇಲೆ ಕಬ್ಬಿಣದ ಸರಳುಗಳನ್ನೋ ಗಾಜಿನ ಹೆಂಚುಗಳನ್ನೋ ಹೊದಿಸಿ ಅದನ್ನು ಕೋಣೆಯಾಗಿ ಬಳಸುವುದು ಸುಲಭವಾಯಿತು.

ವಿಭಾಗ, ಬಾಡಿಗೆ ಮತ್ತು ಒತ್ತಡ

ಮನೆಯ ವಿಸ್ತರಣೆಗೆ ಕುಟುಂಬದ ಬೆಳವಣಿಗೆ ಕಾರಣವಾದಂತೆ ಅದರ ಒಡಕಿಗೆ ಆಸ್ತಿವಿಭಾಗ ಕಾರಣವಾಯಿತು. ಮಿತಾಕ್ಷರ ಪದ್ಧತಿಯಲ್ಲಿ ಸಹೋದರರಿಗೆ ಪಿತ್ರಾರ್ಜಿತದಲ್ಲಿ ಸಮಪಾಲು. ಕಂಬಸಾಲಿನಿಂದ ಕೂಡಿದ 24 ಅಡಿ ಅಗಲದ ಮನೆಯನ್ನು ಉದ್ದಕ್ಕೆ ಸೀಳಿದರೆ ತಲಾ 12 ಅಡಿಯ ಎರಡು ಸಾಲುಮನೆಗಳಾಗುತ್ತವೆ. ಕಂಬಸಾಲು ಇದ್ದಲ್ಲಿಯೇ ಹೊಸ ನಡುಗೋಡೆ ಏಳುತ್ತದೆ. ತೊಟ್ಟಿ ಎರಡಾಗಿ ಒಡೆದು ಪ್ರತಿಯೊಂದೂ ಇಕ್ಕಟ್ಟಾದ ಸಂದಿಯಾಗುತ್ತದೆ. ಆದರೆ 12 ಅಡಿಯ ಮನೆಯನ್ನು ಹಾಗೆ ಸೀಳಿದರೆ ಉಳಿಯುವ 6 ಅಡಿಯಲ್ಲಿ ಬದುಕು ಸಾಧ್ಯವಿಲ್ಲ. ಅಲ್ಲಿ ವಿಭಾಗವು ಮುಂದು–ಹಿಂದಾಗಿ ಅಥವಾ ಕೆಳಗೆ–ಮೇಲಾಗಿ ನಡೆಯಬೇಕಾಗುತ್ತದೆ. ಹಿಂದಿನ ಪಾಲುದಾರನಿಗೆ ಬೀದಿ ತಲುಪಲು 3 ಅಡಿಯ ಓಣಿ ಬಿಟ್ಟರೆ ಮುಂದಿನವನ ಅಗಲ 9 ಅಡಿಗೆ ಇಳಿಯುತ್ತದೆ. ಬಾವಿ, ಬಚ್ಚಲು, ಓಣಿಗಳು ಜಂಟಿಯಾಗಿ ಉಳಿಯುತ್ತವೆ. ವ್ಯಾಜ್ಯಗಳು ಹುಟ್ಟುವುದೂ ಅಲ್ಲಿಯೇ.

ಒಂದೇ ಹೆಬ್ಬಾಗಿಲಿನೊಳಗೆ ಹಲವು ಸಂಸಾರಗಳಿರುವ ವಠಾರವು ಈ ವಿಭಜನೆಯ ಬಾಡಿಗೆಯ ರೂಪ. ಹಿತ್ತಿಲಿನ ಉದ್ದಕ್ಕೂ ಒಂದೊಂದು ಅಂಕಣವನ್ನು ಒಂದೊಂದು ಮನೆಯಾಗಿ ಕಟ್ಟಿ, ಎದುರಿಗೆ ನಡೆದಾಡುವ ಓಣಿ ಬಿಟ್ಟರೆ ವಠಾರ ಸಿದ್ಧವಾಗುತ್ತದೆ. ಅಂಕಣವು ಕೋಣೆಯ ಘಟಕವಾಗಿದ್ದುದು ಇಲ್ಲಿ ಸಂಸಾರದ ಘಟಕವಾಯಿತು. ಮುಂದೆ 1961ರ ಬಾಡಿಗೆ ನಿಯಂತ್ರಣ ಕಾಯಿದೆಯು ಬಾಡಿಗೆದಾರರನ್ನು ರಕ್ಷಿಸಿತು; ಅದೇ ಕಾಲಕ್ಕೆ, ಬಾಡಿಗೆ ಏರದ ಹಳೆಯ ಮನೆಯನ್ನು ದುರಸ್ತಿ ಮಾಡಿಸುವ ಉತ್ಸಾಹ ಮಾಲೀಕರಲ್ಲಿ ಕುಗ್ಗಿತು.

ಪ್ಲೇಗು ಮತ್ತು ಬಡಾವಣೆಗಳು

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ನಗರ ಮತ್ತು ದಂಡು ಪ್ರದೇಶಗಳನ್ನು ಸೇರಿಸಿ 1891ರ ಜನಗಣತಿಯಲ್ಲಿ 1,80,366 ಇದ್ದ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿದುದು ಈ ಪಿಡುಗಿನ ತೀವ್ರತೆಯನ್ನು ಸೂಚಿಸುತ್ತದೆ. ಸಾವಿನ ಜೊತೆಗೆ ಊರು ತೊರೆದವರೂ ಈ ಇಳಿಕೆಯಲ್ಲಿ ಸೇರಿದ್ದಾರೆ. ಸಂಸ್ಥಾನದ ಪ್ಲೇಗ್ ಕಮಿಷನರ್ ಆಗಿ ವಿ.ಪಿ. ಮಾಧವರಾವ್ ನೇಮಕಗೊಂಡರು. ಆ ಕಾಲದ ಆಡಳಿತ ಮತ್ತು ವೈದ್ಯ ವಲಯಗಳು ರೋಗಕ್ಕೆ ಕತ್ತಲೆ, ತೇವ ಮತ್ತು ಜನಸಂದಣಿಯನ್ನು ಹೊಣೆಮಾಡಿದವು. ಪೇಟೆಯ ಸಾಲುಮನೆ ಆರೋಪಿಯ ಸ್ಥಾನದಲ್ಲಿ ನಿಂತಿತು.

ಅದೇ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ನಡೆಸಿದ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಾಂಡ್, ಇಲಿಯ ಚಿಗಟದ ಮೂಲಕ ಪ್ಲೇಗು ಹರಡುತ್ತದೆ ಎಂಬುದನ್ನು ತೋರಿಸಿದರು. ಈ ತೀರ್ಮಾನ ಒಪ್ಪಿತವಾಗಲು ಇನ್ನೂ ಕೆಲವು ವರ್ಷಗಳು ಬೇಕಾದವು. ಹಿಂದಿರುಗಿ ನೋಡಿದರೆ, ಮನೆಯಲ್ಲಿ ಅಪಾಯವಿದ್ದದ್ದು ಕಿಟಕಿಯ ಕೊರತೆಗಿಂತ ಹೆಚ್ಚಾಗಿ ಇಲಿಗಳಿಗೆ ಆಶ್ರಯವಿತ್ತ ಭಾಗಗಳಲ್ಲಿ: ಮಣ್ಣಿನ ಗೋಡೆಯ ಬಿಲಗಳು, ಮಾಳಿಗೆಯ ಸೊಪ್ಪಿನ ಪದರ, ಧಾನ್ಯ ತುಂಬಿದ ಅಟ್ಟ, ವಾಸಕ್ಕೆ ಅಂಟಿದ ಕಾಳಿನ ಮಳಿಗೆ. ಸಾಲಾಗಿ ಕೂಡಿಕೊಂಡ ಮಾಳಿಗೆಗಳ ಮೂಲಕ ಇಲಿಗಳು ಒಂದು ಮನೆಯಿಂದ ಇನ್ನೊಂದಕ್ಕೆ ನಿರಾತಂಕವಾಗಿ ಸಾಗಬಲ್ಲವಾಗಿದ್ದವು. ಆದ್ದರಿಂದ ಸಾಲುಮನೆ ನಿರ್ದೋಷಿ ಎನ್ನುವಂತಿಲ್ಲ. ಅದರ ಮೇಲೆ ಹೊರಿಸಿದ ದೋಷ ಮತ್ತು ಅದರಲ್ಲಿದ್ದ ದೋಷ ಬೇರೆ ಬೇರೆ ಎನ್ನಬೇಕಾಗುತ್ತದೆ.

ಪ್ಲೇಗಿಗೂ ಮುನ್ನವೇ, 1892ರಲ್ಲಿ, ಚಾಮರಾಜಪೇಟೆಯ ನಿರ್ಮಾಣ ಆರಂಭವಾಗಿತ್ತು. ಪ್ಲೇಗಿನ ಬಳಿಕ ಬಸವನಗುಡಿ ಮತ್ತು ಮಲ್ಲೇಶ್ವರಂ ಬಡಾವಣೆಗಳು ವೇಗವಾಗಿ ಬೆಳೆದವು. ನೇರವಾದ ಅಗಲ ರಸ್ತೆ, ಮನೆಯ ಸುತ್ತ ಗಾಳಿ, ಎರಡು ನಿವೇಶನಸಾಲುಗಳ ಬೆನ್ನಿಗೆ ಕನ್ಸರ್ವೆನ್ಸಿ ಓಣಿ ಇವು ಹೊಸ ವಿನ್ಯಾಸದ ಲಕ್ಷಣಗಳು. ಆ ಹಿಂದೋಣಿಯ ಹಿನ್ನೆಲೆ ಮರೆಯುವಂತಹದಲ್ಲ. ಮಲ ಹೊರುವ ಕೆಲಸಕ್ಕೆ ತಳ್ಳಲ್ಪಟ್ಟ ಜಾತಿಯವರು ಮನೆಯ ಮುಂಬಾಗಿಲಿಗೆ ಬಾರದೆ ಹಿಂದಿನಿಂದಲೇ ಬಂದು ಹೋಗಲೆಂದು ಅದನ್ನು ಬಿಡಲಾಗಿತ್ತು. ಹಳೆಯ ಮನೆಯ ಅಂಕಣಕ್ರಮದಲ್ಲಿ ಅಡಗಿದ್ದ ಶ್ರೇಣಿಯು ಹೊಸ ಬಡಾವಣೆಯಲ್ಲಿ ರಸ್ತೆಯ ನಕ್ಷೆಯಾಗಿ ಮುಂದುವರಿಯಿತು. ಕೈಯಿಂದ ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕೇಂದ್ರ ಕಾಯಿದೆಗಳು ಬಂದದ್ದು 1993 ಮತ್ತು 2013ರಲ್ಲಿ.

1896ರ ಹೊತ್ತಿಗೆ ಹೆಸರಘಟ್ಟದಿಂದ ನಲ್ಲಿನೀರು, 1905ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬೆಂಗಳೂರಿಗೆ ಬಂದವು. ಇವು ಕ್ರಮೇಣ ಮನೆಗಳನ್ನು ತಲುಪಿದಂತೆ ಹಿತ್ತಿಲಿನ ಬಾವಿ ಅನಿವಾರ್ಯವಾಗಿ ಉಳಿಯಲಿಲ್ಲ. ತೊಟ್ಟಿಯ ಬೆಳಕಿಗೆ ಬದಲಿ ದೊರೆಯಿತು. ಸಾಲುಮನೆಯಲ್ಲಿ ತೆರೆದ ಜಾಗವನ್ನು ಕಾಪಾಡಿದ್ದ ಎರಡು ಅಗತ್ಯಗಳು ಹೀಗೆ ಕಳೆದವು. ಉಳಿದ ಹಿತ್ತಿಲುಗಳೂ ತೊಟ್ಟಿಗಳೂ ತುಂಬುವುದಕ್ಕೆ ಇನ್ನು ತಡೆಯಿರಲಿಲ್ಲ.

ಆಕರಗಳನ್ನು ಓದುವ ಬಗೆ

ಈ ಮನೆಗಳ ಇತಿಹಾಸವನ್ನು ಪುನಾರಚಿಸಲು ಎರಡು ಬಗೆಯ ಆಕರಗಳು ಒದಗುತ್ತವೆ. ಮೊದಲನೆಯದು ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರಗಳಲ್ಲಿ ಬರುವ ಚಕ್ಕುಬಂದಿ. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣಗಳಿಗೆ ಯಾರ ಮನೆ, ಯಾವ ಓಣಿ ಎಂದು ಹೇಳುವ ಈ ಸಾಲುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರೆ ನಿವೇಶನ ಒಡೆದ ಮತ್ತು ಕೂಡಿದ ಕಥೆ ದೊರೆಯುತ್ತದೆ. ಹಿಂದಿನ ಪತ್ರದಲ್ಲಿ ‘ಹಿತ್ತಿಲು’ ಎಂದಿದ್ದ ಗಡಿ ಮುಂದಿನ ಪತ್ರದಲ್ಲಿ ‘ಮನೆ’ ಎಂದಾದರೆ ವಿಸ್ತರಣೆಯ ಕಾಲಮಿತಿ ತಿಳಿಯುತ್ತದೆ. ‘ಅಂಕಣ’ದ ಎಣಿಕೆ ಹೋಗಿ ಅಡಿಗಳ ಲೆಕ್ಕ ಬರುವ ಘಟ್ಟವನ್ನು ಗುರುತಿಸುವುದೂ ಉಪಯುಕ್ತ.

ಎರಡನೆಯದು ಮನೆಯೇ. ತೊಲೆಗಳ ನಡುವಣ ಅಂತರ ಏಕಾಏಕಿ ಬದಲಾದ ಕಡೆ ಹೊಸ ಅಂಕಣ ಸೇರಿದೆ ಎನ್ನಬಹುದು. ಒಳಗೋಡೆಯಲ್ಲಿ ಸೂರಿನ ಗುರುತು ಉಳಿದಿದ್ದರೆ ಅದು ಒಮ್ಮೆ ಹೊರಗೋಡೆಯಾಗಿತ್ತು. ಕೋಣೆಯ ನಡುವೆ ನೆಲಹಾಸಿನ ಕಲ್ಲು ತಗ್ಗಾಗಿ ಚೌಕವಾಗಿದ್ದು, ಅಲ್ಲಿಂದ ಬಚ್ಚಲುಗಾಲುವೆ ಹೊರಟಿದ್ದರೆ ಅದು ಮುಚ್ಚಿದ ತೊಟ್ಟಿ. ಸಂದಿಯಲ್ಲಿ ಕೆತ್ತನೆಯ ಕಂಬವೊಂದು ಗೋಡೆಯಲ್ಲಿ ಅರ್ಧ ಹೂತು ನಿಂತಿದ್ದರೆ ಅಲ್ಲಿ ವಿಭಾಗ ನಡೆದಿದೆ. ಮನೆಯನ್ನು ಕೆಡವಿದಾಗ ಮರದ ಕಂಬ, ಬಾಗಿಲುವಾಡಗಳು ಮಾರಾಟವಾಗಿ ಬೇರೆಡೆ ಉಳಿಯಬಹುದು. ಆದರೆ ಈ ಗುರುತುಗಳು ಉಳಿಯುವುದಿಲ್ಲ. ಆದ್ದರಿಂದ ಕೆಡವುವ ಮುನ್ನ ಮನೆಯ ಅಡ್ಡಸೀಳಿಕೆಯ ನಕ್ಷೆಯನ್ನು ಅಳತೆಸಹಿತ ತಯಾರಿಸುವುದು ಕಂಬಗಳ ಸಂಗ್ರಹಕ್ಕಿಂತ ತುರ್ತಿನ ಕೆಲಸ.

ಉಪಸಂಹಾರ

1949ರಲ್ಲಿ ನಗರ ಮತ್ತು ದಂಡು ಪ್ರದೇಶಗಳು ಒಂದೇ ನಗರಸಭೆಯ ಆಡಳಿತಕ್ಕೆ ಸೇರಿದವು. ಬಿಡಿ ನಿವೇಶನದಲ್ಲಿ ನಾಲ್ಕೂ ಕಡೆ ತೆರಪು ಬಿಟ್ಟು ಕಟ್ಟುವ ಮನೆಯೇ ಆದರ್ಶವೆಂದು ನೆಲೆಗೊಂಡಿತು. ಮನೆಯ ಗಾತ್ರವನ್ನು ಹೇಳುವ ಮಾತೂ ಬದಲಾಯಿತು. ಅಂಕಣದ ಸ್ಥಾನಕ್ಕೆ ನೂರು ಚದರ ಅಡಿಯ ‘ಚದರ’ ಬಂದಿತು. ಮೇಲೆ ಕಲ್ಪಿಸಿಕೊಂಡ ಐದಂಕಣದ ಮನೆ ಈ ಲೆಕ್ಕದಲ್ಲಿ ಐದು ಚದರಕ್ಕೂ ಕಡಿಮೆ. ಅಂಕಣವು ಮನೆ ಹೇಗೆ ನಿಂತಿದೆ, ಮುಂದೆ ಹೇಗೆ ಬೆಳೆಯಬಹುದು ಎಂಬುದನ್ನು ಹೇಳುತ್ತಿತ್ತು. ಚದರವು ಎಷ್ಟು ಕಟ್ಟಿದೆ, ಎಷ್ಟು ವೆಚ್ಚವಾಯಿತು ಎಂಬುದನ್ನು ಹೇಳುತ್ತದೆ. ತೆರೆದ ತೊಟ್ಟಿಯು ಅಂಕಣದ ಎಣಿಕೆಯಲ್ಲಿ ಮನೆಯ ಭಾಗ; ಚದರದ ಎಣಿಕೆಯಲ್ಲಿ ನಷ್ಟ.

ಈ ಪರಿಶೀಲನೆಯಿಂದ ತಿಳಿದುಬರುವುದಿಷ್ಟು. ಪೇಟೆಯ ಸಾಲುಮನೆಯ ಮೂಲ ವಿನ್ಯಾಸದಲ್ಲಿ ಬೆಳಕು, ಗಾಳಿ, ನೀರಿನ ಹರಿವುಗಳಿಗೆ ನಿರ್ದಿಷ್ಟ ಸ್ಥಾನವಿತ್ತು. ಬೆಳೆಯುವ ಅವಕಾಶವೂ ಅದರೊಳಗೇ ಇತ್ತು. ಆದರೆ ಬೆಳವಣಿಗೆ ಎಲ್ಲಿ ನಿಲ್ಲಬೇಕು ಎಂಬ ನಿಯಮ ಅದರೊಳಗಿರಲಿಲ್ಲ. ಬಾವಿಯ ಅಗತ್ಯ, ಮರದ ಮಿತಿ, ನೆರೆಯವನ ಸಮ್ಮತಿ ಈ ಹೊರಗಿನ ತಡೆಗಳು ಇರುವವರೆಗೆ ಸಮತೋಲ ಉಳಿಯಿತು. ಅವು ಒಂದೊಂದಾಗಿ ಕಳೆದಾಗ ಮನೆ ಕತ್ತಲಾಯಿತು. ಇಂದು ನಗರದ ಅಂಚಿನಲ್ಲಿ 20 ಅಡಿ ಅಗಲ, 30 ಅಡಿ ಉದ್ದದ ನಿವೇಶನಗಳಲ್ಲಿ ಗೋಡೆಗೆ ಗೋಡೆ ತಾಗಿಸಿ ಮೂರು ನಾಲ್ಕು ಅಂತಸ್ತು ಕಟ್ಟುವವರು ಹೆಸರಿಲ್ಲದೆಯೇ ಸಾಲುಮನೆಗಳನ್ನು ಕಟ್ಟುತ್ತಿದ್ದಾರೆ. 600 ಚದರ ಅಡಿಯ ಆ ನಿವೇಶನಕ್ಕೆ ಬೆಳಕು ಬರಬಹುದಾದ್ದು ಹಳೆಯ ಮನೆಗೆ ಬಂದ ಅದೇ ಮೂರು ಕಡೆಗಳಿಂದ. ಹಿಂಬದಿಯಲ್ಲಿಯೂ ಮನೆಯೆದ್ದರೆ ಎರಡೇ. ಹಳೆಯ ಸಾಲುಮನೆಯ ತೊಟ್ಟಿ ಯಾವ ಅಳತೆಯಲ್ಲಿ ಸಾಕಾಗುತ್ತಿತ್ತು, ಯಾವ ಹಂತದಲ್ಲಿ ಸಾಲದಾಯಿತು ಎಂಬ ಲೆಕ್ಕ ಆ ಕಾರಣದಿಂದ ಇತಿಹಾಸಕಾರರಿಗೆ ಮಾತ್ರ ಬೇಕಾದ ಸಂಗತಿಯಲ್ಲ. ಆ ಲೆಕ್ಕವನ್ನು ಕೊಡಬಲ್ಲ ಮನೆಗಳು ಪೇಟೆಯ ಒಳಬೀದಿಗಳಲ್ಲಿ ಇನ್ನೂ ಕೆಲವು ಉಳಿದಿವೆ; ಅಳೆದು ದಾಖಲಿಸುವ ಕೆಲಸ ಅವು ಇರುವಾಗಲೇ ಆಗಬೇಕಾಗಿದೆ.